ಹಲ್ಲಿನಿಂದ ಬಿಚ್ಚಿದ ಗಂಟು

ಖಾಜಾಬೀ ಅಕ್ಕಿ ಕೇರುತ್ತಿದ್ದಳು. ಮೊರ ಎದ್ದು ಬಿದ್ದಂತೆಲ್ಲ ಹೊಟ್ಟು ಅಂಗಳದ ಬಿಸಿಲಿಗೆ ಹಾರುತ್ತಿತ್ತು. ನುಚ್ಚು ಒಂದು ಕಡೆಗೆ, ಕಲ್ಲು ಒಂದು ಕಡೆಗೆ ತಾವಾಗಿಯೇ ಸರಿಯುತ್ತಿದ್ದವು. ಮಗ ಕಾಣೆಯಾಗಿ ಹತ್ತು ದಿನವಾದ ತಾಯಿಯ ಕೈ ಇದು ಎಂದು ನೋಡಿದವರು ಹೇಳುವಂತಿರಲಿಲ್ಲ.

ಆ ಮೊರದೊಳಕ್ಕೆ, ಅಕ್ಕಿಯ ಮೇಲೆ, ಪತ್ತೇದಾರ ಶಿವಶಂಕರಪ್ಪನವರು ಹಸಿರು ರೇಷ್ಮೆಯ ಒಂದು ಪಟ್ಟಿಯನ್ನಿಟ್ಟರು.

ಮೊರ ನಿಂತಿತು.

"ಇದು ನಿಮ್ಮ ಕೈ ಹೊಲಿಗೆಯೇನಮ್ಮ?"

ಖಾಜಾಬೀ ಅದನ್ನು ಮುಟ್ಟಲಿಲ್ಲ. ಬಗ್ಗಿಯೂ ನೋಡಲಿಲ್ಲ. "ನಂದೇ. ನನ್ನ ನಿಕಾದ ಓಢ್ನಿ ಹರಿದು ಹೊಲಿದಿದ್ದೆ. ಒಳಗೆ ನಮ್ಮಮ್ಮ ಕೊಟ್ಟಿದ್ದ ಬೆಳ್ಳಿ ರೂಪಾಯಿ ಇತ್ತು."

"ಇದೆ."

ಒಲೆಯ ಮುಂದೆ ಕೂತಿದ್ದ ಸೊಸೆ ಫಿರೋಜಾ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಪಟ್ಟಿಯನ್ನು ನೋಡಿದವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಕುವೈತಿನ ಕೆಲಸಕ್ಕೆಂದು ಬೊಂಬಾಯಿಯಲ್ಲಿ ವಿಮಾನ ಹತ್ತಬೇಕಾಗಿದ್ದ ಅವಳ ಗಂಡ ಅಕ್ರಂ ಭದ್ರಾವತಿಯ ಸ್ಟೇಷನ್ನಿನಲ್ಲಿ ರೈಲು ಹತ್ತಿದ್ದನ್ನು ಊರೇ ನೋಡಿತ್ತು. ವಿಮಾನ ನಿಲ್ದಾಣದಲ್ಲಿ ಅವನನ್ನು ಯಾರೂ ನೋಡಿರಲಿಲ್ಲ.

ಅವನು ಹೊರಟ ಬೆಳಿಗ್ಗೆ ಖಾಜಾಬೀಯೇ ಅವನ ಬಲತೋಳಿಗೆ ಈ ಪಟ್ಟಿ ಕಟ್ಟಿದ್ದಳು. ಇಮಾಮ್ ಜಾಮಿನ್. ದೂರ ಹೋಗುವ ಮಗನನ್ನು ಕಾಯಲೆಂದು ಹಿರಿಯರು ಕಟ್ಟುವ ರಕ್ಷೆ. ಕ್ಷೇಮವಾಗಿ ತಲುಪಿದ ಮೇಲೆ ಅದನ್ನು ಬಿಚ್ಚಿ, ಒಳಗಿನ ನಾಣ್ಯವನ್ನು ಬಡವರಿಗೆ ದಾನ ಮಾಡಬೇಕು. ಪ್ರಯಾಣ ಮುಗಿಯುವ ತನಕ ಬಿಚ್ಚುವಂತಿಲ್ಲ.

"ಎಲ್ಲಿ ಸಿಕ್ತು ಸಾಹೇಬ್ರೆ?" ಫಿರೋಜಾ ಕೇಳಿದಳು. "ತೋಳಿಂದ ಯಾರು ಬಿಚ್ಚಿದ್ರು? ಜೀವ ಇರೋರ ತೋಳಿಂದ ಇದನ್ನ ಯಾರೂ ದಾರೀಲಿ ಬಿಚ್ಚಲ್ಲ."

ಶಿವಶಂಕರಪ್ಪನವರು ಉತ್ತರ ಕೊಡುವ ಮೊದಲೇ ಖಾಜಾಬೀ ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು.

"ಅಳಬೇಡ. ಅತ್ರೆ ಹೋದೋರು ಬರಲ್ಲ. ಸಾಬ್, ಇದನ್ನ ಆ ಮುದುಕನಿಗೆ ವಾಪಸ್ ಕೊಟ್ಬಿಡಿ. ಖೈರಾತ್ ಮಾಡಿದ್ದು ಮನೆಗೆ ತಿರುಗಿ ಬರಬಾರದು."

"ಆಗಲಿ ತಾಯಿ," ಎಂದು ಅವರು ಪಟ್ಟಿಯನ್ನು ಜೇಬಿಗೆ ಹಾಕಿಕೊಂಡರು.

ಖಾಜಾಬೀ ಎದ್ದು ಸೊಸೆಯ ಹಂಚಿನಿಂದ ಬಿಸಿ ರೊಟ್ಟಿಗಳನ್ನು ತೆಗೆದು ಬಟ್ಟೆಯಲ್ಲಿ ಸುತ್ತಿದಳು. ಮಗ ಸಿಗಲೆಂದು ಹರಕೆ ಹೊತ್ತಿದ್ದಾಳೆ, ದಿನಾ ಮಧ್ಯಾಹ್ನ ದರ್ಗಾದ ಫಕೀರರಿಗೆ ಊಟ ಕೊಂಡುಹೋಗುತ್ತಾಳೆ ಎಂದು ಓಣಿಯವರೆಲ್ಲ ಬಲ್ಲರು. ರೊಟ್ಟಿಯ ಮೇಲೆ ಹುರಿದ ಮೊಟ್ಟೆಯನ್ನೂ ಇಟ್ಟು ಗಂಟು ಕಟ್ಟಿದಳು.

"ಫಕೀರರಿಗೆ ಮೊಟ್ಟೆ. ನಮಗೆ ಬೇಳೆ ಕಟ್ಟು," ಎಂದಳು ಫಿರೋಜಾ, ಯಾರಿಗೂ ಅಲ್ಲವೆಂಬಂತೆ.

"ನಿನ್ನ ಗಂಡನ ಹೆಸರಲ್ಲಿ ಕೊಡೋದು. ಅದಕ್ಕೂ ಹೊಟ್ಟೆ ಉರೀತದಾ ನಿಂಗೆ?" ಬುರ್ಖಾ ಎಳೆದುಕೊಂಡು ಅತ್ತೆ ಹೊರಟುಹೋದಳು.

ಅವಳು ಓಣಿ ದಾಟುವ ತನಕ ಶಿವಶಂಕರಪ್ಪನವರು ಕಾದರು. ರೈಲ್ವೆ ಪೊಲೀಸಿನಲ್ಲಿ ತಲೆ ನರೆಸಿಕೊಂಡ ಮನುಷ್ಯ. ನಿವೃತ್ತಿಯಾದ ಮೇಲೆ ಶಿವಮೊಗ್ಗದಲ್ಲಿ ಮನೆ ಮಾಡಿಕೊಂಡು, ಪೊಲೀಸರ ಹತ್ತಿರ ಹೋಗಲು ಹೆದರುವವರ ತೊಡಕುಗಳನ್ನು ಬಿಡಿಸುತ್ತಿದ್ದರು. ಫಿರೋಜಾಳ ತೊಡಕು ಸಣ್ಣದಲ್ಲ. ಅಕ್ರಂನ ದೊಡ್ಡಪ್ಪನ ಮಗ ಹುಸೇನನೂ ಅವಳೂ ಸೇರಿ ಗಂಡನನ್ನು ಮುಗಿಸಿದರು ಎಂದು ನಲ್ಲಿಯ ಹತ್ತಿರ ಹೆಂಗಸರು ಆಡುತ್ತಿದ್ದರು. ಭದ್ರಾವತಿಯ ಪೊಲೀಸರ ಕಿವಿಗೂ ಅದು ಬಿದ್ದಿತ್ತು. ಗಂಡ ಬದುಕಿದ್ದಾನೆಂದು ತೋರಿಸದಿದ್ದರೆ ಈ ವಾರ ಕಳೆಯುವುದರೊಳಗೆ ಇಬ್ಬರನ್ನೂ ಠಾಣೆಗೆ ಎಳೆಯುತ್ತಾರೆ.

"ಅವನು ಹೋಗಬೇಕಾಗಿದ್ದ ದಾರಿ ನಿನಗೆ ಗೊತ್ತೇನಮ್ಮ?"

"ಬಾಯಿಪಾಠ," ಎಂದಳು ಫಿರೋಜಾ. "ರಾತ್ರಿಯೆಲ್ಲ ಹೇಳ್ಕೋತಿದ್ರು. ಬೀರೂರಲ್ಲಿ ಇಳಿದು ಹುಬ್ಬಳ್ಳಿ ಗಾಡಿ. ಹುಬ್ಬಳ್ಳಿಯಿಂದ ಪುಣೆ. ಪುಣೇಲಿ ದೊಡ್ಡ ಹಳಿ ಗಾಡಿ. ಬೊಂಬಾಯಲ್ಲಿ ಕೊನೇ ಸ್ಟೇಷನ್ ತನಕ ಹೋಗಿ, ಹೊರಗೆ ಬಂದು ನಿಂತ್ರೆ ವಿಮಾನದೋರ ಬಸ್ಸು ಬಂದು ಕರ್ಕೊಂಡು ಹೋಗುತ್ತೆ. ಬರೋ ತನಕ ಕದಲಬಾರದು."

ಹಿಟ್ಟಿನ ಕೈ ಉಜ್ಜುತ್ತ ಸೇರಿಸಿದಳು. "ದಾರಿ ನಂಗೂ ಗೊತ್ತು ಸಾಹೇಬ್ರೆ. ನಾನು ತರೀಕೆರೆ ದಾಟಿಲ್ಲ, ಅಷ್ಟೇ."

ಆ ಮಾತಿನಲ್ಲಿ ದುಃಖವಷ್ಟೇ ಇರಲಿಲ್ಲ. ಹೋಗಲು ಅವಕಾಶ ಸಿಕ್ಕಿದವರ ಮೇಲೆ ಸಿಗದವರಿಗಿರುವ ಕಿಚ್ಚು ಬೂದಿಯ ಅಡಿಯಲ್ಲಿ ಮಿನುಗಿತು.

"ಬಸ್ಸಿನ ವಿಷಯ ಯಾರು ಹೇಳಿದ್ದು?"

"ಹುಸೇನ್ ಭಾಯ್. ದಾರಿಯೆಲ್ಲ ಅವರೇ ಕಲಿಸಿದ್ದು."

ಶಿವಶಂಕರಪ್ಪನವರು ಜೇಬುಗಳ್ಳರನ್ನು ಹಿಡಿದು ತರಲು ಎರಡು ಸಲ ಬೊಂಬಾಯಿಗೆ ಹೋಗಿ ಬಂದವರು. ಆ ಬಸ್ಸಿನ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರು. ಗೋಡೆಯ ಗೂಡಿನಲ್ಲಿದ್ದ ಲಕೋಟೆಯತ್ತ ನೋಡಿದರು. ಅದರ ಮೇಲಿನ ವಿಳಾಸ ಅವರ ಕೈಬರಹದ್ದೇ. ಅಕ್ರಂ ಬರುತ್ತಾನೋ ಇಲ್ಲವೋ, ಮನೆಯವರ ರುಜು ಹಾಕಿ ಕಾಗದ ಬರೆಯಿರಿ, ಮುಂದಿನ ವಿಮಾನದ ತನಕ ಕಾಯುತ್ತೇವೆ ಎಂದು ಕುವೈತಿಗೆ ಆಳು ಕಳಿಸುವ ಬೊಂಬಾಯಿಯ ಕಚೇರಿ ತಿಳಿಸಿತ್ತು. ಅವನಿಲ್ಲದಿದ್ದರೆ ಆಯ್ಕೆಯಲ್ಲಿ ಎರಡನೆಯವನಾದ ಹುಸೇನನನ್ನು ಕರೆಯುವುದು. ಅವನ ಪಾಸ್‌ಪೋರ್ಟೂ ಸಿದ್ಧವಾಗಿಯೇ ಇತ್ತು. ಉತ್ತರವೇ ಬಾರದಿದ್ದರೆ ಆ ಜಾಗ ಬೇರೆ ಊರಿನವರಿಗೆ.

ಲಕೋಟೆಯೊಳಗಿನ ಹಾಳೆ ಇನ್ನೂ ಖಾಲಿ.

"ಇವತ್ತಿನ ಸಂಜೆ ಗಾಡಿ ತಪ್ಪಿದ್ರೆ ಅದು ಸಮಯಕ್ಕೆ ಮುಟ್ಟಲ್ಲ ತಾಯಿ."

"ಏನಂತ ಬರೆಸ್ಲಿ? ಬರ್ತಾರೆ ಅಂತ ಬರೆಸಿದ್ರೆ ಸುಳ್ಳು. ಬರಲ್ಲ ಅಂತ ಬರೆಸಿದ್ರೆ ನಾನೇ ಅವರನ್ನ ಸಾಯಿಸಿದ ಹಾಗೆ."

"ಸಂಜೆ ಸ್ಟೇಷನ್ನಿಗೆ ಬಾ. ಲಕೋಟೆ ತಗೊಂಡು ಬಾ. ಅಷ್ಟರಲ್ಲಿ ನಿನಗೊಂದು ಮಾತು ತರ್ತೀನಿ."

*

ಶಿವಮೊಗ್ಗದ ಬಿ.ಎಚ್. ರಸ್ತೆಯ ಪಕ್ಕದ ಮೋಟಾರು ರಿಪೇರಿ ಷೆಡ್ಡು. ಲಾರಿಯೊಂದರ ಅಡಿಯಿಂದ ಎರಡು ಕಾಲು ಹೊರಗೆ ಚಾಚಿದ್ದವು.

"ಹುಸೇನ್, ಹೊರಗೆ ಬಾ ಮಾರಾಯ."

"ಪೊಲೀಸ್ನೋರು ಕೇಳಿದ್ದಕ್ಕೆಲ್ಲ ಹೇಳಿದೀನಿ," ಎಂದಿತು ಲಾರಿಯ ಅಡಿಯ ದನಿ.

"ನಾನು ಪೊಲೀಸ್ ಅಲ್ಲ. ಪಿಂಚಣಿ ತಿನ್ನೋ ಮುದುಕ. ದಾರಿ ಕೇಳೋಕೆ ಬಂದೆ. ಕಾರಿಲ್ಲದೋರು ಇಲ್ಲಿಂದ ಬೊಂಬಾಯಿ ವಿಮಾನ ನಿಲ್ದಾಣಕ್ಕೆ ಹೋಗೋದು ಹೇಗೆ?"

ಸ್ಪ್ಯಾನರಿನ ಸದ್ದು ನಿಂತಿತು. ಹುಸೇನ್ ತೆವಳಿಕೊಂಡು ಹೊರಬಂದ. ಮೂವತ್ತು ದಾಟಿದವನು, ಗಟ್ಟಿ ಮೈ. ಕಣ್ಣಿಗೆ ನಿದ್ದೆ ಹತ್ತದೆ ಬಹಳ ದಿನವಾದಂತಿತ್ತು.

ಶಿವಶಂಕರಪ್ಪನವರು ಅವನನ್ನು ನೋಡುತ್ತಿರಲಿಲ್ಲ. ಷೆಡ್ಡಿನ ತಗಡಿನ ಬಾಗಿಲನ್ನು ನೋಡುತ್ತಿದ್ದರು. ಅದರ ಮೇಲೆ ಸೀಮೆಸುಣ್ಣದ ಒಂದು ಉದ್ದ ಗೆರೆ, ನಡುನಡುವೆ ವೃತ್ತಗಳು. ಬೀರೂರು, ಹುಬ್ಬಳ್ಳಿ, ಪುಣೆ. ಇಲ್ಲಿ ನಿಂತೇ ಹುಸೇನ್ ತಮ್ಮನಿಗೆ ದಾರಿಯ ಪಾಠ ಹೇಳಿದ್ದ. ಪುಣೆ ದಾಟಿದ ಮೇಲೆ ಗೆರೆ ಇರಲಿಲ್ಲ. ಅಲ್ಲಿ ಯಾರೋ ಎಣ್ಣೆಬಟ್ಟೆಯಿಂದ ಉಜ್ಜಿದ್ದರು. ತಗಡು ಕಪ್ಪಗೆ ಹೊಳೆಯುತ್ತಿತ್ತು.

"ಉಳಿದದ್ದೆಲ್ಲ ಹಾಗೇ ಇದೆ. ಕೊನೇದೊಂದನ್ನೇ ಯಾಕೆ ಅಳಿಸಿದೆ?"

"ಕೈ ತಾಗಿರ್ಬೇಕು."

"ಕೊನೇ ಸ್ಟೇಷನ್ನಿನ ಹೊರಗೆ ಯಾವ ವಿಮಾನದ ಬಸ್ಸೂ ಬರಲ್ಲ ಹುಸೇನ್. ದಾದರಿನಲ್ಲೇ ಇಳೀಬೇಕು. ಸೇತುವೆ ಹತ್ತಿ ಆಚೆ ಲೈನಿಗೆ ಹೋಗಿ ಲೋಕಲ್ ಗಾಡಿ ಹಿಡಿದ್ರೆ ಸಾಂತಾಕ್ರೂಜು, ವಿಮಾನ ನಿಲ್ದಾಣ ಇರೋದೇ ಅಲ್ಲಿ. ಬೊಂಬಾಯಿಗೆ ಲಾರಿ ಹೊಡಿಯೋ ಡ್ರೈವರುಗಳೆಲ್ಲ ನಿನ್ನ ಷೆಡ್ಡಿಗೇ ಬರ್ತಾರೆ. ನಿನಗೆ ಗೊತ್ತಿರಲಿಲ್ಲ ಅಂದ್ರೆ ನಾನು ನಂಬಲ್ಲ."

ಹುಸೇನ್ ಕೈ ಒರೆಸಿಕೊಂಡ. ಒರೆಸಿದಷ್ಟೂ ಮಸಿ ಹರಡಿತು.

"ನಿಮಗೆ ಯಾರು ಹೇಳಿದ್ದು?"

"ಫಿರೋಜಾಗೆ ದಾರಿ ಬಾಯಿಪಾಠ ಆಗಿದೆ. ನೀನು ಕಲಿಸಿದ ಹಾಗೇ."

ಆ ಹೆಸರು ಬಿದ್ದ ಕೂಡಲೇ ಹುಸೇನ್ ಪಕ್ಕದ ಟೈರಿನ ಮೇಲೆ ಕುಸಿದ.

"ಸ್ಪ್ಯಾನರ್ ಹಿಡಿಯೋದು ಅವನಿಗೆ ಕಲಿಸಿದ್ದು ನಾನು. ವೆಲ್ಡಿಂಗ್ ಕಲಿಸಿದ್ದು ನಾನು. ಪರೀಕ್ಷೆಗೆ ಹೋಗೋಣ ಬಾ ಅಂತ ಕರೆದದ್ದೂ ನಾನೇ. ಅವನ ಹೆಸರು ಮೊದಲು ಬಂತು. ಫಿರೋಜಾನ ಮನೆಯೋರೂ ಮೊದಲು ನನ್ನ ನೋಡಿ ಹೋಗಿದ್ರು, ಆಮೇಲೆ ಅವನಿಗೆ ಕೊಟ್ರು. ಎಲ್ಲಾದ್ರಲ್ಲೂ ನಾನು ಎರಡನೇ ಹೆಸರು ಸಾರ್."

"ಅದಕ್ಕೆ ದಾರಿ ತಪ್ಪಿಸಿದೆ."

"ದಾರಿ ಎಲ್ಲಾ ಸರಿಯಾಗೇ ಹೇಳ್ದೆ. ಕೊನೆಗೆ ಬಂದಾಗ ನಾಲಿಗೆ ತಿರುಗಿಬಿಡ್ತು. ಒಂದು ವಿಮಾನ ತಪ್ಪಲಿ, ಮುಖ ಸಣ್ಣ ಮಾಡ್ಕೊಂಡು ಮನೆಗೆ ಬರಲಿ, ಅಷ್ಟೇ ನನ್ನ ಮನಸ್ಸಲ್ಲಿದ್ದದ್ದು." ಅವನು ತಲೆ ಎತ್ತಿದ. "ಹೊಟ್ಟೆಕಿಚ್ಚಿಗೆ ಯಾವ ಸೆಕ್ಷನ್ ಹಾಕ್ತೀರಿ?"

"ಅದಕ್ಕೆ ಸೆಕ್ಷನ್ ಇದ್ದಿದ್ರೆ ಜೈಲು ಸಾಲ್ತಿರಲಿಲ್ಲ."

"ಅವನು ಬರಲೇ ಇಲ್ವಲ್ಲ ಸಾರ್. ಬರೋ ತನಕ ಕದಲಬೇಡ ಅಂದಿದ್ದೆ. ಕಣ್ಣು ಮುಚ್ಚಿದ್ರೆ ಟ್ರಂಕಿನ ಮೇಲೆ ಕೂತು ಕಾಯ್ತಾ ಇದ್ದಾನೆ. ಗೊತ್ತಿಲ್ಲದ ಊರು. ಯಾರು ಏನು ಮಾಡಿದ್ರೋ."

ಶಿವಶಂಕರಪ್ಪನವರು ಜೇಬಿನಿಂದ ಹಸಿರು ಪಟ್ಟಿಯನ್ನು ತೆಗೆದು ಅವನ ಅಂಗೈ ಮೇಲಿಟ್ಟರು.

"ಅವನು ಬೊಂಬಾಯಿ ನೋಡಿಲ್ಲ ಹುಸೇನ್. ಭದ್ರಾವತಿಗೂ ಶಿವಮೊಗ್ಗಕ್ಕೂ ನಡುವೆ ದರ್ಗಾಗಳ ಮುಂದೆ ಕೂತಿರೋ ಫಕೀರರನ್ನೆಲ್ಲ ಕೇಳ್ಕೊಂಡು ಬಂದೆ. ಇದು ಮಲವಗೊಪ್ಪದ ಹುಣಸೇಮರದ ಕೆಳಗಿನ ಮುದುಕನ ಹತ್ತಿರ ಸಿಕ್ತು. ನಿನ್ನ ತಮ್ಮ ರೈಲು ಹತ್ತಿದ ಮಾರನೇ ದಿನ, ಟವಲಿಂದ ಮುಖ ಮುಚ್ಚಿಕೊಂಡಿದ್ದ ಒಬ್ಬ ಕೊಟ್ಟನಂತೆ. ಸಫರ್ ಮುಗೀತು ಬಾಬಾ, ದುವಾ ಮಾಡಿ ಅಂದನಂತೆ. ಪ್ರಯಾಣ ಮುಗೀತು ಅಂತ."

"ಕೊಂದೋರು ಯಾರೋ..."

"ಕೊಂದೋನು ಬೆಳ್ಳಿ ರೂಪಾಯಿ ಜೇಬಿಗೆ ಹಾಕ್ತಾನೆ. ಇಲ್ಲಾ ಭದ್ರಾ ಹೊಳೆಗೆ ಎಸೀತಾನೆ. ಕೂತು ದಾನ ಮಾಡಲ್ಲ. ಪಟ್ಟಿಯ ತುದಿ ನೋಡು."

ಹುಸೇನ್ ಬೆಳಕಿಗೆ ಹಿಡಿದು ನೋಡಿದ. ರೇಷ್ಮೆಯ ಒಂದು ತುದಿ ಜಗಿದು ಮುದುಡಿತ್ತು. ಸಾಲಾಗಿ ಹಲ್ಲಿನ ಗುರುತು. ಅದರ ಸುತ್ತ ಹೊಗೆಸೊಪ್ಪಿನ ಕಂದು ಕಲೆ.

"ಬೇರೆಯೋರು ಬಿಚ್ಚಿದ್ರೆ ಎರಡು ಕೈ ಇರುತ್ತೆ. ಇಲ್ಲಾ ಕತ್ತರಿಸ್ತಾರೆ. ತನ್ನ ಬಲತೋಳಿನ ಗಂಟನ್ನ ತಾನೇ ಬಿಚ್ಚೋನಿಗೆ ಉಳಿಯೋದು ಒಂದು ಎಡಗೈ, ಒಂದು ಬಾಯಿ. ನಿನ್ನ ತಮ್ಮ ಹೊಗೆಸೊಪ್ಪು ಹಾಕ್ತಾನಲ್ಲ?"

"ಹಾಕ್ತಾನೆ." ಹುಸೇನ್ ಟೈರಿನಿಂದ ಎದ್ದ. "ಬದುಕಿದ್ದಾನೆ."

"ದಾರೀಲೇ ಎಲ್ಲೋ ಇಳಿದು ವಾಪಸ್ ಬಂದಿದ್ದಾನೆ. ಹೆಂಡತಿಗೆ ಸುಳ್ಳು ಹೇಳಿದ, ನಿನಗೆ ಹೇಳಿದ. ತಾಯಿ ಕಟ್ಟಿದ ಗಂಟಿಗೆ ಹೇಳೋಕಾಗಲಿಲ್ಲ. ಪ್ರಯಾಣ ಮುಗಿದ ಮೇಲೆ ಅದನ್ನ ತೋಳಲ್ಲಿ ಇಟ್ಕೊಳ್ಳೋ ಹಾಗಿಲ್ಲ, ಎಸೆಯೋ ಹಾಗೂ ಇಲ್ಲ. ಪದ್ಧತಿ ಪ್ರಕಾರ ಕೊಟ್ಟುಬಿಟ್ಟ. ಅಲ್ಲೇ ಸಿಕ್ಕಿಬಿದ್ದ."

ಹುಸೇನ್ ಪಟ್ಟಿಯನ್ನು ಕಣ್ಣಿಗೊತ್ತಿಕೊಂಡ. ಮರುಗಳಿಗೆಯಲ್ಲೇ ಅವನ ಮುಖ ಬಿಗಿಯಿತು.

"ಯಾಕೆ ಇಳಿದ?"

"ಅದನ್ನ ನೀನು ಹೇಳ್ಬೇಕು. ಅವನು ಹೋದ ಮೇಲೆ ಆ ಮನೆಗೆ ಹೋಗಿದ್ದೆಯಾ?"

"ಎರಡು ಸಲ. ಚಾಚಿಗೆ ಅಕ್ಕಿ ಮೂಟೆ ಕೊಡೋಕೆ. ಒಂದು ಸಲ ಫಿರೋಜಾ ಕಾಫಿ ಕೊಟ್ಲು. ಹೊಸ್ತಿಲಲ್ಲೇ ಕೂತು ಕುಡಿದೆ." ಅವನಿಗೆ ಏನೋ ನೆನಪಾದಂತೆ ಕಾಣಿಸಿತು. "ಹೊರಡೋ ದಿನ, ಮಾಲೀಕರ ಕಾರಲ್ಲಿ ಬೀರೂರಿಗೆ ಬಿಡ್ತೀನಿ ಅಂದಿದ್ದೆ ಸಾರ್. ನೀನು ಓಡಿಸೋ ಗಾಡಿಗೆ ಹತ್ತಲ್ಲ ಅಂದ. ನಾನಿಲ್ಲದಾಗ ನೀನು ಎಷ್ಟು ದೂರ ಓಡಿಸ್ತೀಯೋ ನೋಡ್ತೀನಿ ಅಂತ ನಕ್ಕ. ತಮಾಷೆ ಅಂದ್ಕೊಂಡೆ."

ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಸಾಲಾಗಿ ಹೋಗುತ್ತಿದ್ದವು.

"ನಾನು ಕೊಲೆಗಾರ ಅಂತ ಊರು ಉಗೀತಿರೋದನ್ನ ಅವನು ಎಲ್ಲೋ ಕೂತು ನೋಡ್ತಾ ಇದ್ದಾನೆ," ಎಂದ ಹುಸೇನ್.

"ನಿನ್ನೊಬ್ಬನನ್ನೇ ಅಲ್ಲ."

ಹೊರಡುವಾಗ ಶಿವಶಂಕರಪ್ಪನವರು ಬಾಗಿಲ ಬಳಿ ತಿರುಗಿ ನಿಂತರು. "ಈಗಲೂ ಹೋಗೋ ಆಸೆ ಇದೆಯಾ?"

ಹುಸೇನ್ ಕಿಟಕಿಯಲ್ಲಿದ್ದ ಸೀಮೆಸುಣ್ಣವನ್ನು ತೆಗೆದುಕೊಂಡು ಪುಣೆಯಿಂದ ಮುಂದಕ್ಕೆ ಗೆರೆ ಎಳೆದ. ಎಣ್ಣೆಯ ಮೇಲೆ ಸುಣ್ಣ ಹಿಡಿಯುತ್ತಿರಲಿಲ್ಲ. ಒತ್ತಿ ಒತ್ತಿ ಒಂದು ವೃತ್ತ ಬರೆದ. ದಾದರ್. ಅದರಾಚೆ ಇನ್ನೊಂದು.

*

ಭದ್ರಾವತಿಯ ಸ್ಟೇಷನ್ನಿನ ಬೆಂಚಿನ ಮೇಲೆ ಫಿರೋಜಾ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕಾರ್ಖಾನೆಯ ಹೊಗೆ ಸಂಜೆಯ ಆಕಾಶವನ್ನು ಕೆಂಪು ಮಾಡಿತ್ತು. ಸೊಸೆಯೊಬ್ಬಳನ್ನೇ ಕಳಿಸಬಾರದೆಂದು ಖಾಜಾಬೀಯೂ ಬಂದಿದ್ದಳು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ತಸ್ಬೀಹಿನ ಮಣಿ ತಿರುಗಿಸುತ್ತಿದ್ದಳು. ಪಕ್ಕದಲ್ಲಿ ಮಧ್ಯಾಹ್ನದ ರೊಟ್ಟಿಯ ಬಟ್ಟೆ, ತೊಳೆದು ಮಡಚಿದ್ದು.

ಶಿವಶಂಕರಪ್ಪನವರು ತಾವು ಕಂಡುಕೊಂಡದ್ದನ್ನು ತಗ್ಗಿದ ದನಿಯಲ್ಲಿ ಹೇಳಿದರು. ಫಕೀರನ ಮಾತು, ಹಲ್ಲಿನ ಗುರುತು, ಹುಸೇನ್ ಕಾಫಿ ಕುಡಿದ ಹೊಸ್ತಿಲು.

ಫಿರೋಜಾ ಮೊದಲು ಅತ್ತಳು. ಸತ್ತಿಲ್ಲ ಎಂಬುದಕ್ಕೆ ಬಂದ ಅಳು ಅದು. ಬೇಗ ನಿಂತಿತು.

"ನನ್ನ ನೋಡೋಕೆ ಇಳಿದ್ರಾ?"

"ಹಾಗೆ ಕಾಣುತ್ತೆ ತಾಯಿ."

"ಹತ್ತು ದಿನ. ನಾನು ಅನ್ನ ಮುಟ್ಟದೇ ಇದ್ದದ್ದನ್ನೂ ನೋಡಿರ್ತಾರೆ. ನಲ್ಲೀಲಿ ಕೊಡ ತುಂಬಿಸೋಕೆ ಬಿಡದೇ ಇದ್ದದ್ದನ್ನೂ ನೋಡಿರ್ತಾರೆ. ಆದ್ರೂ ಎದುರಿಗೆ ಬರಲಿಲ್ಲ." ಅವಳು ಲಕೋಟೆಯಿಂದ ಖಾಲಿ ಹಾಳೆಯನ್ನು ಎಳೆದಳು. "ಬರ್ಕೊಳ್ಳಿ ಸಾಹೇಬ್ರೆ."

ಅವರು ಪೆನ್ನಿನ ಮುಚ್ಚಳ ತೆಗೆದರು.

"ಅಕ್ರಂ ಬರೋದಿಲ್ಲ. ಅವರ ಜಾಗ ಅವರ ಅಣ್ಣ ಹುಸೇನ್ ಭಾಯ್‌ಗೆ ಕೊಡಿ ಅಂತ ಅವರ ಹೆಂಡತಿ ನಾನು ಕೇಳ್ಕೋತೀನಿ. ಅಷ್ಟೇ."

ಖಾಜಾಬೀಯ ಮಣಿಗಳು ನಿಂತವು.

ಶಿವಶಂಕರಪ್ಪನವರ ಪೆನ್ನೂ ನಿಂತಿತು. "ಯೋಚನೆ ಮಾಡಮ್ಮ. ಇದು ಹೊರಗೆ ಬಿದ್ರೆ ಊರು ಆಡಿದ್ದೇ ನಿಜ ಅಂತ ಆಗುತ್ತೆ. ಅವನ ಅನುಮಾನಕ್ಕೂ ನೀನೇ ರುಜು ಹಾಕಿಕೊಟ್ಟ ಹಾಗೆ. ಇದೇನು, ಅವನನ್ನ ಹೊರಗೆ ಎಳೆಯೋಕೆ ಬಲೆಯಾ? ಇಲ್ಲಾ ನಿನ್ನ ಮನಸ್ಸೇ ಇದಾ?"

"ನೋಡ್ಬೇಕು ಅಂತ ತಾನೇ ಇಳಿದದ್ದು? ನೋಡ್ಲಿ."

ಅವರು ಇಂಗ್ಲಿಷಿನಲ್ಲಿ ಬರೆದರು. ಅವಳು ಉರ್ದುವಿನಲ್ಲಿ ರುಜು ಹಾಕಿದಳು. ಅಕ್ಷರ ಒಂದೂ ಅಲುಗಿರಲಿಲ್ಲ. ನಾಲಿಗೆಯಿಂದ ಅಂಟು ತೇವ ಮಾಡಿ ಲಕೋಟೆ ಮುಚ್ಚಿದಳು.

ಶಿವಮೊಗ್ಗದ ಕಡೆಯಿಂದ ಗಾಡಿ ಬಂತು. ಎಂಜಿನ್ನಿನ ಹಿಂದೆಯೇ ಟಪಾಲು ಡಬ್ಬಿ. ಅದರ ಬದಿಯಲ್ಲಿ ಕಾಗದ ಹಾಕುವ ಕಂಡಿ. ಫಿರೋಜಾ ಗುಂಪಿನ ನಡುವೆ ದಾರಿ ಮಾಡಿಕೊಂಡು ಹೋದಳು. ಅತ್ತೆ ಅವಳ ಬೆನ್ನಿಗೇ ಹೋದಳು. ಆ ವಯಸ್ಸಿನಲ್ಲಿ ಅಷ್ಟು ಬಿರುಸಾಗಿ ನಡೆದದ್ದನ್ನು ಶಿವಶಂಕರಪ್ಪನವರು ನೋಡಿರಲಿಲ್ಲ.

ಫಿರೋಜಾ ಕೈ ಎತ್ತಿದಳು. ಲಕೋಟೆಯ ಮೂಲೆ ಕಂಡಿಯೊಳಗೆ ಹೋಯಿತು.

ಖಾಜಾಬೀ ಅವಳ ಮಣಿಕಟ್ಟು ಹಿಡಿದಳು.

"ಹಾಕ್ಬೇಡ. ಅವನಿಗೆ ಗೊತ್ತಾದ್ರೆ ಸುಮ್ನಿರಲ್ಲ. ಇಷ್ಟಕ್ಕೆ ಬರುತ್ತೆ ಅಂತ ನಾನು ಅಂದ್ಕೊಂಡಿರಲಿಲ್ಲ ಮಾ. ನಾಳೆ ಊಟ ಕೊಡುವಾಗ ನಾನೇ ಹೇಳಿ ಕರ್ಕೊಂಡು..."

ಮಾತು ಅಲ್ಲಿಗೇ ಕಡಿಯಿತು.

ಗಾರ್ಡ್ ಸೀಟಿ ಊದಿದ. ಬೆಳಿಗ್ಗೆ ಮೊರದ ಮುಂದೆ ಖಾಜಾಬೀ ಆಡಿದ ಮಾತು ಶಿವಶಂಕರಪ್ಪನವರಿಗೆ ಮತ್ತೆ ಕೇಳಿಸಿತು. ಆ ಮುದುಕನಿಗೆ ವಾಪಸ್ ಕೊಟ್ಬಿಡಿ. ಪಟ್ಟಿ ಒಬ್ಬ ಮುದುಕನ ಹತ್ತಿರ ಸಿಕ್ಕಿತೆಂದು ತಾವಿನ್ನೂ ಆಗ ಯಾರಿಗೂ ಹೇಳಿರಲಿಲ್ಲ.

ಫಿರೋಜಾ ಅತ್ತೆಯ ಮುಖ ನೋಡಿದಳು. ಆಮೇಲೆ ಅವಳ ಕಂಕುಳಲ್ಲಿದ್ದ, ತೊಳೆದು ಮಡಚಿದ ರೊಟ್ಟಿಯ ಬಟ್ಟೆಯನ್ನು ನೋಡಿದಳು.

"ಮೊಟ್ಟೆ," ಎಂದಳು, ಬಹಳ ಮೆಲ್ಲಗೆ.

ಗಾಡಿ ಜಗ್ಗಿತು. ಮುದುಕಿಯ ಹಿಡಿತ ಇನ್ನೂ ಮಣಿಕಟ್ಟಿನ ಮೇಲೇ ಇತ್ತು. ಫಿರೋಜಾ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಬೆರಳುಗಳನ್ನು ಮಾತ್ರ ಬಿಚ್ಚಿದಳು. ಕಾಗದ ಕಂಡಿಯೊಳಗೆ ಜಾರಿತು, ಟಪಾಲು ಡಬ್ಬಿ ಬೀರೂರಿನ ಕಡೆಗೆ ಸರಿಯಿತು.